ಲೆಪಾಂಟೊದಲ್ಲಿ ಗೆದ್ದವರು ಯಾರು?

ಯುರೋಪಿನ ಇತಿಹಾಸವನ್ನು ಓದುವ ನಮಗೆಲ್ಲ ಲೆಪಾಂಟೊ ಕದನವೆಂದರೆ ಪರೀಕ್ಷೆಯ ಒಂದು ಪ್ರಶ್ನೆ. ೧೫೭೧ನೆಯ ಅಕ್ಟೋಬರ್ ೭ರಂದು, ಗ್ರೀಸಿನ ಪಶ್ಚಿಮ ತೀರದ ಪತ್ರಾಸ್ ಕೊಲ್ಲಿಯ ಬಾಯಲ್ಲಿ, ಕ್ರೈಸ್ತ ಒಕ್ಕೂಟದ ನೌಕಾಬಲವು ಆಟೊಮನ್ ತುರ್ಕರ ನೌಕಾಬಲವನ್ನು ಧ್ವಂಸಮಾಡಿತು. ಶಿಲುಬೆಯು ಅರ್ಧಚಂದ್ರವನ್ನು ಜಯಿಸಿತು. ಕಡಲಿನ ಮೇಲೆ ತುರ್ಕರು ಅಜೇಯರೆಂಬ ನಂಬಿಕೆ ಅಳಿಯಿತು. ಇಷ್ಟನ್ನು ಬರೆದು, ಡಾನ್ ಜುವಾನನ ಹೆಸರನ್ನು ಸೇರಿಸಿ, ಕೆಳಗೊಂದು ಗೆರೆ ಎಳೆದರೆ ಅಂಕಗಳಿಗೆ ಮೋಸವಿಲ್ಲ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಶಿಲುಬೆ, ಅರ್ಧಚಂದ್ರ ಎಂಬ ಎರಡು ಮಾತುಗಳು ಆ ಹಡಗುಗಳ ಧ್ವಜವನ್ನು ಮಾತ್ರ ನಮಗೆ ತೋರಿಸುತ್ತವೆ. ಧ್ವಜದ ಕೆಳಗೆ, ಹಲಗೆಗಳ ಮೇಲೆ, ಸಾಲುಸಾಲಾಗಿ ಕುಳಿತಿದ್ದ ಹತ್ತಾರು ಸಾವಿರ ಜನ ಅವುಗಳಲ್ಲಿ ಕಾಣುವುದಿಲ್ಲ. ಆ ಜನರನ್ನು ಲೆಕ್ಕಕ್ಕೆ ಹಿಡಿಯದೆ ಈ ಯುದ್ಧಗಳನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ನನ್ನ ಕಾರಣಗಳನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ಇಡುತ್ತೇನೆ.

ಮೊದಲು ಹಡಗನ್ನು ನೋಡೋಣ. ಹದಿನಾರನೆಯ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದ ಯುದ್ಧಗಳನ್ನು ನಡೆಸಿದ್ದು ‘ಗ್ಯಾಲಿ’ ಎಂಬ ಹಡಗು. ಸುಮಾರು ೪೦ ಮೀಟರು ಉದ್ದ, ಐದಾರು ಮೀಟರು ಅಗಲ; ನೀರಿಗೆ ತೀರ ಹತ್ತಿರವಾಗಿ ಚಪ್ಪಟೆಯಾಗಿ ತೇಲುವ ಮರದ ಒಡಲು. ಹಾಯಿ ಇರುತ್ತಿತ್ತಾದರೂ ಕದನದಲ್ಲಿ ಅದನ್ನು ಇಳಿಸಿ, ಹುಟ್ಟುಗಳ ಬಲದಿಂದಲೇ ಮುನ್ನುಗ್ಗುತ್ತಿದ್ದರು. ಎಡಬಲಗಳಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದು ಅಡ್ಡಹಲಗೆಗಳು. ಒಂದೊಂದು ಹಲಗೆಯ ಮೇಲೆ ಮೂವರು, ಮುಂದೆ ನಾಲ್ವರು ಐವರು. ಹೀಗೆ ಒಂದು ಹಡಗಿಗೆ ನೂರೈವತ್ತರಿಂದ ಇನ್ನೂರರವರೆಗೆ ಹುಟ್ಟು ಹಾಕುವವರು ಬೇಕಾಗಿತ್ತು. ಅವರ ಜೊತೆಗೆ ಸೈನಿಕರು, ಖಲಾಸಿಗಳು, ಫಿರಂಗಿಯವರು. ಮುಂಭಾಗದಲ್ಲಿ ಕೆಲವೇ ಫಿರಂಗಿಗಳು. ಶತ್ರುವಿನ ಹಡಗಿಗೆ ತಗುಲಿಕೊಂಡು, ಅದರ ಮೇಲೆ ನೆಗೆದು, ಕೈಕೈ ಮಿಲಾಯಿಸುವುದೇ ಯುದ್ಧದ ಕ್ರಮ.

ಇಂಥ ಹಡಗಿನಲ್ಲಿ ಮುನ್ನೂರು ಜನರಿದ್ದಾರೆಂದೂ ಒಬ್ಬನಿಗೆ ದಿನಕ್ಕೆ ಎರಡೇ ಲೀಟರು ನೀರೆಂದೂ ಇಟ್ಟುಕೊಳ್ಳೋಣ. ದಿನಕ್ಕೆ ೬೦೦ ಲೀಟರು ಬೇಕು. ಹತ್ತು ದಿನಕ್ಕೆ ೬,೦೦೦ ಲೀಟರು. ಬಿಸಿಲಿನಲ್ಲಿ ಹುಟ್ಟು ಹಾಕುವವನಿಗೆ ಎರಡು ಲೀಟರು ಏತಕ್ಕೂ ಸಾಲದು. ಸಣಕಲು ಒಡಲಿನ ಈ ಹಡಗಿನಲ್ಲಿ ಅಷ್ಟು ಪೀಪಾಯಿಗಳಿಗೆ ಸ್ಥಳವೆಲ್ಲಿ? ಆದ್ದರಿಂದಲೇ ಗ್ಯಾಲಿಗಳು ತೀರವನ್ನು ಬಿಟ್ಟು ಬಹುದೂರ ಹೋಗುವಂತಿರಲಿಲ್ಲ; ಪದೇ ಪದೇ ದಡ ಮುಟ್ಟಿ ನೀರು ತುಂಬಿಕೊಳ್ಳಬೇಕಾಗಿತ್ತು. ಚಳಿಗಾಲದ ಬಿರುಗಾಳಿಗೆ ಅವು ತಡೆಯುವಂತೆಯೂ ಇರಲಿಲ್ಲ. ವಸಂತದಲ್ಲಿ ಹೊರಟು, ಶರತ್ಕಾಲ ಮುಗಿಯುವುದರೊಳಗೆ ಬಂದರಿಗೆ ಮರಳಬೇಕು. ಮಾಲ್ಟಾ, ಜೆರ್ಬಾ, ಸೈಪ್ರಸ್, ಕಾರ್ಫುಗಳಂಥ ದ್ವೀಪಗಳಿಗಾಗಿ ಎರಡು ಪಕ್ಷಗಳೂ ಅಷ್ಟೊಂದು ರಕ್ತ ಸುರಿಸಿದ್ದು ಏಕೆಂಬುದು ಈ ನೀರಿನ ಲೆಕ್ಕದಿಂದ ಬಹುಮಟ್ಟಿಗೆ ತಿಳಿಯುತ್ತದೆ. ಬಂದರಿಲ್ಲದವನಿಗೆ ಕಡಲಿಲ್ಲ.

ಇನ್ನು ಹಲಗೆಯ ಮೇಲೆ ಕುಳಿತವರು ಯಾರು? ಮೂರು ಬಗೆಯವರು. ಕೂಲಿಗಾಗಿ ಬಂದವರು, ಅಪರಾಧಕ್ಕೆ ಶಿಕ್ಷೆಯಾಗಿ ಬಂದವರು, ಸೆರೆಸಿಕ್ಕು ಗುಲಾಮರಾದವರು. ವೆನಿಸ್ ಗಣರಾಜ್ಯವು ಮೊದಲು ಕೂಲಿಯ ಜನರನ್ನೇ ನಂಬಿತ್ತು. ಅವರು ಸಾಲದೆ ಹೋದುದರಿಂದ ೧೫೪೫ರಿಂದ ಅಪರಾಧಿಗಳನ್ನೂ ಸಂಕೋಲೆ ತೊಡಿಸಿ ಕೂರಿಸತೊಡಗಿತು. ಸ್ಪೇನಿನಲ್ಲಿ ಕಳ್ಳತನದಂಥ ಅಪರಾಧಗಳಿಗೆ ನ್ಯಾಯಾಲಯಗಳು ವರ್ಷಗಟ್ಟಲೆ ಹುಟ್ಟು ಹಾಕುವ ಶಿಕ್ಷೆ ವಿಧಿಸುತ್ತಿದ್ದವು. ಅವರ ಪಕ್ಕದಲ್ಲಿ ಉತ್ತರ ಆಫ್ರಿಕದ ಮತ್ತು ತುರ್ಕಿಯ ಮುಸಲ್ಮಾನ ಸೆರೆಯಾಳುಗಳು. ಆಟೊಮನ್ನರು ಹಳ್ಳಿಗಳ ಮೇಲೆ ಇಷ್ಟು ಮನೆಗಳಿಗೆ ಒಬ್ಬನಂತೆ ಜನರನ್ನು ಕರೆಸುತ್ತಿದ್ದರು. ಅವರ ಜೊತೆಗೆ ಅಪರಾಧಿಗಳೂ ಕ್ರೈಸ್ತ ಸೆರೆಯಾಳುಗಳೂ ಇರುತ್ತಿದ್ದರು. ಕ್ರೀಟ್, ಕಾರ್ಫು ಮೊದಲಾದ ದ್ವೀಪಗಳ ಗ್ರೀಕರು ವೆನಿಸಿನ ಹಡಗುಗಳಲ್ಲಿ ಹುಟ್ಟು ಹಾಕಿದರೆ, ಸುಲ್ತಾನನ ಪ್ರಜೆಗಳಾದ ಗ್ರೀಕರು ಅವನ ಹಡಗುಗಳಲ್ಲಿ ಹುಟ್ಟು ಹಾಕಿದರು. ಒಂದೇ ಭಾಷೆಯಾಡುವ, ಒಂದೇ ದೇವರಿಗೆ ಕೈಮುಗಿಯುವ ಜನ ಎರಡು ನೌಕಾಬಲಗಳನ್ನೂ ಮುನ್ನಡೆಸಿ ಪರಸ್ಪರರ ಮೇಲೆ ತಂದು ಹಾಯಿಸಿದರು.

ಇದು ಮೆಡಿಟರೇನಿಯನ್ ಸಮುದ್ರಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ೧೫೩೮ರಲ್ಲಿ ಈಜಿಪ್ಟಿನ ಅಧಿಪತಿ ಸುಲೇಮಾನ್ ಪಾಷಾ ಸೂಯೆಜ್‌ನಿಂದ ನೌಕಾಬಲ ತಂದು, ನಮ್ಮ ದೇಶದ ಪಶ್ಚಿಮ ತೀರದ ದಿಯು ಕೋಟೆಯಲ್ಲಿದ್ದ ಪೋರ್ತುಗೀಸರನ್ನು ಮುತ್ತಿದನು, ಗೆಲ್ಲಲಾರದೆ ಹಿಂದಿರುಗಿದನು. ಆ ಹಡಗುಗಳಲ್ಲಿ ದುಡಿದವರ ಪೈಕಿ ಅಲೆಗ್ಸಾಂಡ್ರಿಯ ಬಂದರಿನಲ್ಲಿ ಬಲವಂತವಾಗಿ ಹಿಡಿದು ತಂದ ವೆನಿಸಿನ ನಾವಿಕರೂ ಇದ್ದರು. ಅವರಲ್ಲೊಬ್ಬನು ಬರೆದಿಟ್ಟ ವೃತ್ತಾಂತ ಇಂದಿಗೂ ಉಳಿದಿದೆ. ಗುಜರಾತಿನ ಕಡಲಿನಲ್ಲಿ ಕ್ರೈಸ್ತ ಪೋರ್ತುಗೀಸರ ಮೇಲೆ ಸುಲ್ತಾನನು ನಡೆಸಿದ ದಂಡಯಾತ್ರೆಗೆ ಕ್ರೈಸ್ತರ ಕೈಗಳೇ ದುಡಿದವು.

ಹಲಗೆಯಿಂದ ಮೇಲೆದ್ದು ನಾಯಕರ ಕಡೆಗೆ ನೋಡಿದರೂ ಚಿತ್ರ ಸರಳವಾಗುವುದಿಲ್ಲ. ೧೫೩೮ರ ಪ್ರೆವೆಜಾ ಕದನದಲ್ಲಿ ಎದುರುಬದುರಾದವರು ಹೈರುದ್ದೀನ್ ಬಾರ್ಬರೋಸ ಮತ್ತು ಜಿನೋವದ ಆಂಡ್ರಿಯ ಡೋರಿಯ. ಡೋರಿಯನು ಸ್ವಂತ ಹಡಗುಗಳನ್ನು ದೊರೆಗಳಿಗೆ ಬಾಡಿಗೆಗೆ ಕೊಡುವ ನಾಯಕ. ೧೫೨೮ರವರೆಗೆ ಫ್ರಾನ್ಸಿನ ಕಡೆ, ಆ ಬಳಿಕ ಫ್ರಾನ್ಸಿನ ಶತ್ರುವಾದ ಚಕ್ರವರ್ತಿ ಐದನೆಯ ಚಾರ್ಲ್ಸನ ಕಡೆ. ೧೫೪೩ರಲ್ಲಿ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನು ಸುಲ್ತಾನನೊಡನೆ ಸೇರಿ ನೀಸ್ ನಗರವನ್ನು ಮುತ್ತಿದನು. ‘ಪರಮ ಕ್ರೈಸ್ತ ದೊರೆ’ ಎಂಬುದು ಅವನ ವಂಶದ ಬಿರುದು. ಆ ಚಳಿಗಾಲವನ್ನು ಬಾರ್ಬರೋಸನ ನೌಕಾಬಲವು ಫ್ರಾನ್ಸಿನ ತೂಲೋನ್ ಬಂದರಿನಲ್ಲೇ ಕಳೆಯಿತು. ಊರಿನವರು ಮನೆ ತೆರವು ಮಾಡಿದರು. ಅಲ್ಲಿನ ದೊಡ್ಡ ಇಗರ್ಜಿಯು ಮಸೀದಿಯಾಯಿತು. ಬಾರ್ಬರೋಸನ ಹಡಗುಗಳಲ್ಲಿದ್ದ ಕ್ರೈಸ್ತ ಸೆರೆಯಾಳುಗಳು ಮಾತ್ರ, ಪರಮ ಕ್ರೈಸ್ತ ದೊರೆಯ ಬಂದರಿನಲ್ಲಿಯೂ, ಸಂಕೋಲೆಯಲ್ಲಿಯೇ ಉಳಿದರು.

೧೫೬೫ರ ಮಾಲ್ಟಾ ಮುತ್ತಿಗೆಯಲ್ಲಿ ದ್ವೀಪವನ್ನು ಕಾಪಾಡಿದ ಮುದುಕ ಸೇನಾನಿ ಲಾ ವಲೆಟ್ ಹಿಂದೊಮ್ಮೆ ಸೆರೆಸಿಕ್ಕು ಮುಸಲ್ಮಾನರ ಹಡಗಿನಲ್ಲಿ ಹುಟ್ಟು ಹಾಕಿದ್ದವನು. ಅದೇ ಮುತ್ತಿಗೆಯಲ್ಲಿ ತುರ್ಕರ ಕಡೆ ಹೋರಾಡಿ ಮಡಿದ ತುರ್ಗುತ್ ಹಿಂದೊಮ್ಮೆ ಸೆರೆಸಿಕ್ಕು ಜಿನೋವದವರ ಹಡಗಿನಲ್ಲಿ ಹುಟ್ಟು ಹಾಕಿದ್ದವನು. ಅವನನ್ನು ಹಣ ತೆತ್ತು ಬಿಡಿಸಿದವನು ಬಾರ್ಬರೋಸ. ಲೆಪಾಂಟೊದಲ್ಲಿ ತುರ್ಕರ ಎಡಪಾರ್ಶ್ವವನ್ನು ನಡೆಸಿದ ಉಲೂಜ್ ಅಲಿ ಹುಟ್ಟಿದ್ದು ಇಟಲಿಯ ಕಲಾಬ್ರಿಯದಲ್ಲಿ, ಕ್ರೈಸ್ತನಾಗಿ. ಬಾಲ್ಯದಲ್ಲಿ ಸೆರೆಸಿಕ್ಕು, ಹುಟ್ಟು ಹಾಕಿ, ಮತಾಂತರಗೊಂಡು ಮೇಲೇರಿದವನು. ಆಟೊಮನ್ ಸಾಮ್ರಾಜ್ಯದ ಮಹಾಮಂತ್ರಿ ಸೊಕೊಲ್ಲು ಮೆಹಮದ್ ಪಾಷಾ ಬೋಸ್ನಿಯದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವನು. ಇವರ ಜೀವನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಎರಡು ಲೋಕಗಳ ನಡುವಣ ಬೇಲಿಯನ್ನು ದಾಟಿದವರು ಎಷ್ಟು ಮಂದಿ ಎಂದು ಆಶ್ಚರ್ಯವಾಗುತ್ತದೆ.

ಹಾಗೆಂದು ಮತಶ್ರದ್ಧೆಯು ಬರಿಯ ನೆಪವಾಗಿತ್ತೆಂದು ನಾನು ಹೇಳಲಾರೆ. ಮುದುಕ ಪೋಪ್ ಐದನೆಯ ಪಯಸ್‌ನ ಹಟವಿಲ್ಲದಿದ್ದರೆ, ಒಬ್ಬರನ್ನೊಬ್ಬರು ನಂಬದ ಸ್ಪೇನ್ ಮತ್ತು ವೆನಿಸ್ ೧೫೭೧ರ ಮೇ ತಿಂಗಳಲ್ಲಿ ಒಂದೇ ಒಪ್ಪಂದಕ್ಕೆ ಸಹಿ ಹಾಕುತ್ತಿರಲಿಲ್ಲ. ಎರಡು ಕಡೆಯ ಸೈನಿಕರೂ ಪ್ರಾರ್ಥನೆ ಸಲ್ಲಿಸಿಯೇ ಕದನಕ್ಕೆ ನಿಂತರು. ಜನ ತಮ್ಮ ದೇವರಿಗಾಗಿ ಪ್ರಾಣ ಕೊಟ್ಟದ್ದು ನಿಜ. ನನ್ನ ಮಾತು ಇಷ್ಟೆ: ಮತಶ್ರದ್ಧೆಯು ಈ ಯುದ್ಧಗಳಿಗೆ ಧ್ವಜವನ್ನೂ ಧೈರ್ಯವನ್ನೂ ಕೊಟ್ಟಿತು, ಹಡಗನ್ನು ಮುಂದಕ್ಕೆ ದೂಡಿದ್ದು ಮಾತ್ರ ಹಿಡಿದು ತಂದ ಮನುಷ್ಯರ ತೋಳು. ಆ ತೋಳುಗಳನ್ನು ಸಂಪಾದಿಸುವ ಕೆಲಸದಲ್ಲಿ ಎರಡು ಪಕ್ಷಗಳ ರೀತಿಯೂ ಹೆಚ್ಚುಕಡಮೆ ಒಂದೇ ಆಗಿತ್ತು.

ಈಗ ಲೆಪಾಂಟೊಕ್ಕೆ ಬರೋಣ. ಕಾರಣ ಸೈಪ್ರಸ್. ವೆನಿಸಿನ ವಶದಲ್ಲಿದ್ದ ಆ ದ್ವೀಪಕ್ಕೆ ೧೫೭೦ರಲ್ಲಿ ಸುಲ್ತಾನ್ ಎರಡನೆಯ ಸೆಲೀಮನ ಸೈನ್ಯ ಇಳಿಯಿತು. ೧೫೭೧ರ ಆಗಸ್ಟ್‌ನಲ್ಲಿ ಫಾಮಗುಸ್ತ ಕೋಟೆ ಶರಣಾಯಿತು. ಶರಣಾದ ಸೇನಾನಿ ಬ್ರಾಗದೀನನ ಚರ್ಮವನ್ನು ಜೀವಂತವಾಗಿ ಸುಲಿದರು. ಅಷ್ಟರಲ್ಲಿ ಸ್ಪೇನಿನ ದೊರೆಯ ಮಲಸಹೋದರ, ಇಪ್ಪತ್ತನಾಲ್ಕು ವರ್ಷದ ಡಾನ್ ಜುವಾನನ ನೇತೃತ್ವದಲ್ಲಿ ಒಕ್ಕೂಟದ ಹಡಗುಗಳು ಮೆಸ್ಸೀನದಲ್ಲಿ ಕೂಡಿದವು. ಅಕ್ಟೋಬರ್ ೭ರಂದು ಎರಡು ಕಡೆಯೂ ಇನ್ನೂರಕ್ಕೆ ಮಿಕ್ಕ ಗ್ಯಾಲಿಗಳು ಒಂದನ್ನೊಂದು ಎದುರಿಸಿದವು. ಒಕ್ಕೂಟದ ಸಾಲಿನ ಮುಂದೆ ವೆನಿಸಿನ ಆರು ಭಾರಿ ಹಡಗುಗಳು. ಪಕ್ಕಗಳಿಂದಲೂ ಫಿರಂಗಿ ಹಾರಿಸಬಲ್ಲ ಅವು ತುರ್ಕರ ಸಾಲನ್ನು ಚೆದರಿಸಿದವು. ಸಂಜೆಯ ಹೊತ್ತಿಗೆ ತುರ್ಕರ ನೌಕಾಧಿಪತಿ ಅಲಿ ಪಾಷಾ ಮಡಿದಿದ್ದನು. ನೂರಕ್ಕೂ ಹೆಚ್ಚು ಗ್ಯಾಲಿಗಳು ಒಕ್ಕೂಟದ ಕೈಸೇರಿದ್ದವು. ಒಕ್ಕೂಟದ ಕಡೆ ಏಳೆಂಟು ಸಾವಿರ, ತುರ್ಕರ ಕಡೆ ಇಪ್ಪತ್ತು ಸಾವಿರಕ್ಕೂ ಮೇಲೆ ಸತ್ತರೆಂದು ಇತಿಹಾಸಕಾರರ ಅಂದಾಜು. ಸಂಕೋಲೆಯಲ್ಲಿ ಕುಳಿತವನಿಗೆ ಮುಳುಗುವ ಹಡಗಿನಿಂದ ನೆಗೆಯುವ ಅವಕಾಶವೂ ಇರಲಿಲ್ಲ. ತನ್ನ ಮತದವರ ಫಿರಂಗಿಯಿಂದಲೇ ಸತ್ತವರು ಎರಡು ಕಡೆಯೂ ಉಂಟು.

ಕದನಕ್ಕೆ ಮುಂಚೆ ಡಾನ್ ಜುವಾನನು ತನ್ನ ಕಡೆಯ ಅಪರಾಧಿಗಳಿಗೆ, ಚೆನ್ನಾಗಿ ಕಾದಿದರೆ ಬಿಡುಗಡೆಯೆಂದು ಮಾತು ಕೊಟ್ಟನು. ಅಲಿ ಪಾಷಾ ಕೂಡ ತನ್ನ ಕ್ರೈಸ್ತ ಸೆರೆಯಾಳುಗಳಿಗೆ, ತಾನು ಗೆದ್ದರೆ ನಿಮ್ಮನ್ನು ಬಿಡಿಸುವೆನೆಂದೂ, ನಿಮ್ಮವರು ಗೆದ್ದರೆ ಅದು ದೇವರೇ ಕೊಟ್ಟ ಬಿಡುಗಡೆಯೆಂದೂ ಹೇಳಿದನೆಂಬ ಪ್ರತೀತಿಯಿದೆ. ಹಲಗೆಯ ಮೇಲಿನ ಮನುಷ್ಯರಿಲ್ಲದೆ ತಮಗೆ ಗೆಲುವಿಲ್ಲವೆಂದು ನಾಯಕರಿಬ್ಬರೂ ಬಲ್ಲವರಾಗಿದ್ದರು.

ಸುಮಾರು ಹನ್ನೆರಡು ಸಾವಿರ ಕ್ರೈಸ್ತರು ಅಂದು ತುರ್ಕರ ಹಡಗುಗಳಿಂದ ಬಿಡುಗಡೆ ಹೊಂದಿದರು. ಯಾರು ಏನೇ ಹೇಳಲಿ, ಲೆಪಾಂಟೊದ ನಿಜವಾದ ಗೆಲುವು ಇದೇ ಎಂದು ನಾನು ಭಾವಿಸುತ್ತೇನೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೆರೆಸಿಕ್ಕ ಸಾವಿರಾರು ಮುಸಲ್ಮಾನರನ್ನು, ಹಡಗುಗಳನ್ನು ಹಂಚಿಕೊಂಡ ಹಾಗೆಯೇ, ಒಕ್ಕೂಟದವರು ತಮ್ಮತಮ್ಮಲ್ಲಿ ಹಂಚಿಕೊಂಡರು. ಅವರು ಹೋಗಿ ಕುಳಿತದ್ದು ಹುಟ್ಟಿನ ಹಲಗೆಗಳ ಮೇಲೆ. ಬೆಳಿಗ್ಗೆ ಒಬ್ಬನ ಕಾಲಿನಲ್ಲಿದ್ದ ಸಂಕೋಲೆ ಸಂಜೆಗೆ ಇನ್ನೊಬ್ಬನ ಕಾಲಿಗೆ ಬಂತು. ಶಿಲುಬೆಯು ಅರ್ಧಚಂದ್ರವನ್ನು ಜಯಿಸಿತೆಂಬ ವಾಕ್ಯದಲ್ಲಿ ಈ ವಿನಿಮಯಕ್ಕೆ ಎಡೆಯಿಲ್ಲ.

ಕದನದ ಪರಿಣಾಮವೇನು? ಇಲ್ಲಿ ಪಂಡಿತರಲ್ಲಿ ಎರಡು ಪಕ್ಷಗಳಿವೆ. ಏನೂ ಆಗಲಿಲ್ಲವೆನ್ನುವವರಿಗೆ ಆಧಾರಗಳು ಬೇಕಾದಷ್ಟಿವೆ. ಆ ಒಂದೇ ಚಳಿಗಾಲದಲ್ಲಿ ಸೊಕೊಲ್ಲು ಮೆಹಮದನು ನೂರೈವತ್ತು ಗ್ಯಾಲಿಗಳನ್ನು ಹೊಸದಾಗಿ ಕಟ್ಟಿಸಿದನು. ಸೈಪ್ರಸ್ ಕಳೆದುಕೊಂಡ ನೀವು ತೋಳನ್ನು ಕಳೆದುಕೊಂಡಿರಿ, ನಮಗಾದರೋ ಗಡ್ಡ ಬೋಳಿಸಿದಂತಾಯಿತು, ಅದು ಮತ್ತೆ ಬೆಳೆಯುತ್ತದೆ ಎಂಬ ಅರ್ಥದ ಮಾತನ್ನು ಅವನು ವೆನಿಸಿನ ರಾಯಭಾರಿಗೆ ಹೇಳಿದನಂತೆ. ೧೫೭೩ರ ಮಾರ್ಚ್‌ನಲ್ಲಿ ವೆನಿಸ್ ಒಕ್ಕೂಟವನ್ನು ತೊರೆದು, ಸೈಪ್ರಸ್ಸನ್ನು ಬಿಟ್ಟುಕೊಟ್ಟು, ಮೂರು ಲಕ್ಷ ಡ್ಯುಕಾಟ್ ನಾಣ್ಯಗಳನ್ನೂ ತೆತ್ತು ಸಂಧಿ ಮಾಡಿಕೊಂಡಿತು. ಅದೇ ವರ್ಷ ಡಾನ್ ಜುವಾನನು ಗೆದ್ದ ಟ್ಯೂನಿಸನ್ನು ೧೫೭೪ರಲ್ಲಿ ತುರ್ಕರು ಮತ್ತೆ ಕಿತ್ತುಕೊಂಡರು. ಎದುರುಪಕ್ಷದವರಲ್ಲಿ ಫ್ರಾನ್ಸಿನ ಫರ್ನಾಂಡ್ ಬ್ರೊಡೆಲ್ ಮುಖ್ಯರು. ೧೯೪೯ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ಅವರು, ಕ್ರೈಸ್ತ ಜಗತ್ತನ್ನು ಆವರಿಸಿದ್ದ ಕೀಳರಿಮೆ ಲೆಪಾಂಟೊದಿಂದ ತೊಲಗಿತೆಂದು ವಾದಿಸಿದರು.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಅಮೆರಿಕದ ಜಾನ್ ಗಿಲ್ಮಾರ್ಟಿನ್ ೧೯೭೪ರಲ್ಲಿ ಮುಂದಿಟ್ಟ ವಾದ. ಮರವಿದ್ದರೆ ಹಡಗನ್ನು ಚಳಿಗಾಲದಲ್ಲಿ ಕಟ್ಟಬಹುದು. ತುರ್ಕರ ಮುಖ್ಯ ಆಯುಧವಾದ ಬಿಲ್ಲನ್ನು ಎಳೆಯಬಲ್ಲ ಬಿಲ್ಲುಗಾರನನ್ನು ಸಿದ್ಧಪಡಿಸಲು ಒಂದು ಆಯುಷ್ಯವೇ ಬೇಕು. ಅಂಥವರೂ ನುರಿತ ನಾವಿಕರೂ ಲೆಪಾಂಟೊದ ನೀರಿನಲ್ಲಿ ಮುಳುಗಿಹೋದರು. ೧೫೭೨ರಲ್ಲಿ ಹೊಸ ನೌಕಾಬಲದೊಡನೆ ಹೊರಟ ಉಲೂಜ್ ಅಲಿ ಕದನವನ್ನು ಜಾಣತನದಿಂದ ತಪ್ಪಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು. ಅವನ ಹಡಗುಗಳ ಮರವೂ ಹಸಿ, ಜನರೂ ಹೊಸಬರು. ವೆನಿಸಿನವರೂ ಈ ಲೆಕ್ಕವನ್ನು ಅರಿತಿದ್ದರು. ಸೆರೆಸಿಕ್ಕವರಲ್ಲಿ ನುರಿತ ನಾವಿಕರನ್ನು ಗುಟ್ಟಾಗಿ ಕೊಲ್ಲಿಸಬೇಕೆಂದು ಅಲ್ಲಿನ ಆಡಳಿತ ಮಂಡಲಿಯು ತನ್ನ ಸೇನಾಪತಿಗೆ ಬರೆಯಿತು. ಕ್ರೂರವಾದ ಆಜ್ಞೆ, ಆದರೆ ಗಡ್ಡ ಮತ್ತು ತೋಳಿನ ಮಾತಿಗೆ ಅದೇ ಸರಿಯಾದ ಉತ್ತರ. ಹಡಗು ಗಡ್ಡವಾಗಿರಬಹುದು, ಮನುಷ್ಯ ಗಡ್ಡವಲ್ಲ.

ಮುಂದೆ ಎರಡು ಸಾಮ್ರಾಜ್ಯಗಳೂ ದಣಿದವು. ಸ್ಪೇನಿಗೆ ನೆದರ್ಲೆಂಡ್ಸಿನ ದಂಗೆ, ತುರ್ಕರಿಗೆ ಪರ್ಷಿಯದ ಯುದ್ಧ. ೧೫೮೦ರ ಹೊತ್ತಿಗೆ ಅವರು ಕದನವಿರಾಮಕ್ಕೆ ಒಪ್ಪಿಕೊಂಡರು. ದೊರೆಗಳ ಯುದ್ಧ ನಿಂತಿತು. ಮನುಷ್ಯರನ್ನು ಹಿಡಿಯುವ ಯುದ್ಧ ನಿಲ್ಲಲಿಲ್ಲ. ಅದು ಲೆಪಾಂಟೊಕ್ಕಿಂತ ಹಳೆಯದು. ೧೫೩೫ರಲ್ಲಿ ಚಾರ್ಲ್ಸ್ ಚಕ್ರವರ್ತಿಯ ಸೈನ್ಯ ಟ್ಯೂನಿಸನ್ನು ಗೆದ್ದು, ಅಲ್ಲಿದ್ದ ಕ್ರೈಸ್ತ ಸೆರೆಯಾಳುಗಳನ್ನು ಬಿಡಿಸಿ, ಊರಿನ ಮುಸಲ್ಮಾನರನ್ನು ಗುಲಾಮರನ್ನಾಗಿ ಒಯ್ದಿತು. ೧೫೪೪ರಲ್ಲಿ ಬಾರ್ಬರೋಸನು ಲಿಪರಿ ದ್ವೀಪದ ಜನರನ್ನು ಒಯ್ದನು. ೧೫೫೧ರಲ್ಲಿ ಗೋಜೊ ದ್ವೀಪದಿಂದ ಸುಮಾರು ಐದು ಸಾವಿರ ಜನರನ್ನು ಸೆರೆಹಿಡಿದರು, ದ್ವೀಪವೇ ಬರಿದಾಯಿತು. ದೊಡ್ಡ ನೌಕಾಬಲಗಳು ಹಿಂದೆ ಸರಿದ ಮೇಲೆ ಈ ಕೆಲಸ ಕಡಲುಗಳ್ಳರ ಪಾಲಿಗೆ ಬಂತು. ಒಂದು ಕಡೆ ಆಲ್ಜಿಯರ್ಸ್, ಟ್ಯೂನಿಸ್, ಟ್ರಿಪೋಲಿ. ಇನ್ನೊಂದು ಕಡೆ ಮಾಲ್ಟಾ, ಲಿವೋರ್ನೊ. ಎರಡು ಕಡೆಯೂ ಗುಲಾಮರ ಸಂತೆಗಳಿದ್ದವು. ಸೆರೆಯಾಳುಗಳನ್ನು ಹಣ ಕೊಟ್ಟು ಬಿಡಿಸಿ ತರುವುದನ್ನೇ ವ್ರತವಾಗಿಟ್ಟುಕೊಂಡ ಸಂನ್ಯಾಸಿಗಳ ಸಂಘಗಳಿದ್ದವು. ಮಾಲ್ಟಾದ ಗುಲಾಮರಿಗೆ ಬಿಡುಗಡೆ ದೊರೆತದ್ದು ೧೭೯೮ರಲ್ಲಿ, ನೆಪೋಲಿಯನ್ ಆ ದ್ವೀಪವನ್ನು ಹಿಡಿದಾಗ. ಆಲ್ಜಿಯರ್ಸಿನ ಕ್ರೈಸ್ತ ಗುಲಾಮರಿಗೆ ೧೮೧೬ರಲ್ಲಿ, ಇಂಗ್ಲಿಷರ ಮತ್ತು ಡಚ್ಚರ ಹಡಗುಗಳು ಆ ನಗರದ ಮೇಲೆ ಗುಂಡಿನ ಮಳೆಗರೆದ ಬಳಿಕ. ಲೆಪಾಂಟೊ ಮುಗಿದು ಇನ್ನೂರನಲವತ್ತೈದು ವರ್ಷಗಳಾಗಿದ್ದವು.

ಸಾಮಾನ್ಯ ಜನರ ಹೆಸರುಗಳನ್ನು ಇತಿಹಾಸ ಎಲ್ಲಿಂದ ತರಬೇಕು, ನಾಯಕರಿಲ್ಲದೆ ಇತಿಹಾಸ ಬರೆಯುವುದು ಹೇಗೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹುಟ್ಟು ಹಾಕಿದವರಲ್ಲಿ ಬಹುಮಂದಿ ಅಕ್ಷರ ಬಲ್ಲವರಲ್ಲ. ಆದರೂ ಒಬ್ಬನ ಸಾಕ್ಷ್ಯ ನಮಗಿದೆ. ಲೆಪಾಂಟೊದಲ್ಲಿ ಸಾಮಾನ್ಯ ಸೈನಿಕನಾಗಿ ಕಾದಿ, ಎದೆಗೆ ಗುಂಡು ತಗುಲಿ, ಎಡಗೈಯ ಬಲ ಕಳೆದುಕೊಂಡ ಸರ್ವಾಂಟಿಸ್, ೧೫೭೫ರಲ್ಲಿ ಕಡಲುಗಳ್ಳರಿಗೆ ಸಿಕ್ಕಿ ಐದು ವರ್ಷ ಆಲ್ಜಿಯರ್ಸಿನಲ್ಲಿ ಸೆರೆಯಾಳಾಗಿದ್ದನು. ಆ ಗಾಯಗಳ ಬಗ್ಗೆ ಅವನಿಗೆ ಕೊನೆಯವರೆಗೂ ಹೆಮ್ಮೆಯಿತ್ತು. ೧೬೦೫ರಲ್ಲಿ ಹೊರಬಂದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯಲ್ಲಿ ಅವನು ಆಲ್ಜಿಯರ್ಸಿನ ಸೆರೆಯಾಳೊಬ್ಬನ ಕಥೆಯನ್ನು ಹೇಳಿದನು. ಅದೇ ಗ್ರಂಥದಲ್ಲಿ, ಸ್ಪೇನಿನ ದೊರೆಯ ಹಡಗುಗಳಿಗೆ ಹುಟ್ಟು ಹಾಕಲೆಂದು ಸರಪಳಿ ಬಿಗಿದು ಒಯ್ಯುತ್ತಿದ್ದ ಅಪರಾಧಿಗಳನ್ನು ಅವನ ಹುಚ್ಚು ವೀರನು ದಾರಿಯಲ್ಲಿ ತಡೆದು ಬಿಡಿಸುತ್ತಾನೆ. ಅನ್ಯಮತದವರು ತೊಡಿಸಿದ ಸಂಕೋಲೆಯನ್ನು ಅನುಭವಿಸಿದವನು, ತನ್ನ ದೊರೆಯೇ ತೊಡಿಸಿದ ಸಂಕೋಲೆಯನ್ನೂ ಗಮನಿಸದೆ ಬಿಡಲಿಲ್ಲ.

ಸ್ಪೇನಿನ ಬಾರ್ಸೆಲೋನದ ನೌಕಾ ವಸ್ತುಸಂಗ್ರಹಾಲಯದಲ್ಲಿ ಡಾನ್ ಜುವಾನನ ಹಡಗಿನ ಪೂರ್ಣಗಾತ್ರದ ಪ್ರತಿಕೃತಿಯೊಂದಿದೆ. ಕದನದ ನಾನೂರನೆಯ ವರ್ಷವಾದ ೧೯೭೧ಕ್ಕೆ ಸರಿಯಾಗಿ ಅದನ್ನು ಕಟ್ಟಿದರು. ಚಿತ್ರಗಳಲ್ಲಿ ನೋಡಿದರೂ ಕಣ್ಣು ಮೊದಲು ಹೋಗುವುದು ಹಿಂಭಾಗದ ಚಿನ್ನದ ಕೆತ್ತನೆಗಳ ಕಡೆಗೆ. ಅದು ಸಹಜ. ಆದರೆ ಇತಿಹಾಸದ ವಿದ್ಯಾರ್ಥಿಯ ಕಣ್ಣು ಅಲ್ಲಿಯೇ ನಿಲ್ಲಬಾರದು; ಹಡಗಿನ ಉದ್ದಕ್ಕೂ ಇರುವ ಹಲಗೆಗಳ ಮೇಲೆ ಹರಿಯಬೇಕು. ಮುಂದಿನ ಪರೀಕ್ಷೆಯಲ್ಲಿ ಲೆಪಾಂಟೊದ ಪರಿಣಾಮಗಳನ್ನು ವಿವರಿಸಿ ಎಂಬ ಪ್ರಶ್ನೆ ಬಂದರೆ, ಗೆದ್ದವರ ಮತ್ತು ಸೋತವರ ಹೆಸರುಗಳನ್ನು ಖಂಡಿತ ಬರೆಯೋಣ. ಅದರ ಕೆಳಗೆ ಇನ್ನೊಂದು ವಾಕ್ಯವನ್ನೂ ಬರೆಯೋಣ: ಅಂದು ಸುಮಾರು ಹನ್ನೆರಡು ಸಾವಿರ ಜನ ಸಂಕೋಲೆ ಕಳಚಿ ಮೇಲೆದ್ದರು, ಬೇರೆ ಸಾವಿರಾರು ಜನ ಸಂಕೋಲೆ ತೊಟ್ಟು ಕುಳಿತರು. ಈ ವಾಕ್ಯಕ್ಕೆ ಅಂಕ ಕೊಡುವುದು ಬಿಡುವುದು ಅಧ್ಯಾಪಕರಿಗೆ ಸೇರಿದ್ದು.

— ಅಂತಿಮ ಬಿ.ಎ. (ಇತಿಹಾಸ) ತರಗತಿಯ ವಿದ್ಯಾರ್ಥಿ